ಅರ್ಧಕ್ಕೆ ತುಂಡಾದ ಕನ್ನಡ ಸ್ಲಗ್: 2,800 ವಿಳಾಸ ಬದಲಿಸಿದ ನಮ್ಮ ಅನುಭವ

ಗೂಗಲ್ ಅಪ್‌ಡೇಟ್, ಸರ್ಚ್ ಜಾಹೀರಾತು, ರ‍್ಯಾಂಕಿಂಗ್ ಏರಿಳಿತ, ಇವನ್ನೇ ಕನ್ನಡದಲ್ಲಿ ಸುದ್ದಿ ಮಾಡುವ ತಾಣ ನಮ್ಮದು. ಊರಿಗೆಲ್ಲ ಎಸ್‌ಇಒ ಪಾಠ ಹೇಳುವಾಗ ನಮ್ಮ ಯುಆರ್‌ಎಲ್‌ಗಳೇ ಅರ್ಧಕ್ಕೆ ತುಂಡಾಗಿದ್ದವು. ಸ್ಲಗ್ ಅಂದರೆ ಲೇಖನದ ವಿಳಾಸದಲ್ಲಿ ಶೀರ್ಷಿಕೆಯಿಂದ ಹುಟ್ಟುವ ಕೊನೆಯ ಭಾಗ; ಅದನ್ನು ಕನ್ನಡದಿಂದ ರೋಮನ್ ಲಿಪಿಗೆ ಬದಲಿಸಲು ಹೊರಟೆವು. "ಹಳೇ ವಿಳಾಸ ಮುಟ್ಟಿದ್ರೆ ಇರೋ ಟ್ರಾಫಿಕ್ಕೂ ಹೋಗುತ್ತೆ" ಎಂದವರೇ ಜಾಸ್ತಿ. ಹೋಯಿತು ಕೂಡ, ಮೂರು ವಾರ. ಆಮೇಲೆ ವಾಪಸ್ ಬಂದದ್ದು ಹೆಚ್ಚುಕಡಿಮೆ ಒಂದೂವರೆ ಪಟ್ಟು.

ಕನ್ನಡ ಯುಆರ್‌ಎಲ್ ಯುಟಿಎಫ್-8ರಲ್ಲಿ ಎನ್‌ಕೋಡ್ ಆಗಿದ್ದರೆ ಗೂಗಲ್‌ಗೆ ತಕರಾರಿಲ್ಲ. ತಕರಾರು ನಮ್ಮ ತಾಣ ನಡೆಸುವ ತಂತ್ರಾಂಶ ವರ್ಡ್‌ಪ್ರೆಸ್‌ನ ಡೇಟಾಬೇಸಿನದು. ಸ್ಲಗ್ ಕಾಲಮ್ಮಿನ ಮಿತಿ 200 ಜಾಗ. ಕನ್ನಡದ ಒಂದು ಕೋಡ್‌ಪಾಯಿಂಟ್‌ಗೆ (ಕಂಪ್ಯೂಟರ್ ಎಣಿಸುವ ಒಂದು ಬಿಡಿ ಚಿಹ್ನೆ) 3 ಬೈಟ್, ಶೇಕಡಾ ಚಿಹ್ನೆ ಸೇರಿ ಒಂದೊಂದು ಬೈಟ್‌ಗೂ 3 ಜಾಗ, ಒಟ್ಟು 9. ಅಂದರೆ 22 ಕೋಡ್‌ಪಾಯಿಂಟ್‌ಗೆ ಆಟ ಮುಗಿಯಿತು. ಕಾಗುಣಿತದ ಚಿಹ್ನೆಯೂ ಒಂದು, ವಿರಾಮವೂ (ಅರ್ಧಾಕ್ಷರ ಮಾಡುವ ಚಿಹ್ನೆ) ಒಂದು ಎಂಬುದನ್ನು ಮರೆಯಬೇಡಿ. "ಗೂಗಲ್ ಕೋರ್ ಅಪ್‌ಡೇಟ್ ಮುಗಿಯಿತು" ಎಂಬ ಶೀರ್ಷಿಕೆ "ಮುಗಿ"ಯಲ್ಲೇ ಕತ್ತರಿಸಿಹೋಗುತ್ತದೆ. "ಮುಗಿಯಲಿಲ್ಲ" ಎಂಬ ಸುದ್ದಿಯದೂ ಅದೇ ಗತಿ, ಬಾಲಕ್ಕೆ ಒಂದು 2 ಅಂಟಿಕೊಂಡು. ಡೆಸ್ಕಿನಲ್ಲಿ ಕೊಂಡಿ ಹಾಕುವವರು ಯಾವುದು ಯಾವುದೆಂದು ತಿಳಿಯದೆ ತಪ್ಪು ಸುದ್ದಿಗೇ ಹಾಕುತ್ತಿದ್ದರು. ಇಂಥ ಅವಳಿಗಳು ಹುಡುಕಿದಾಗ ಸಿಕ್ಕಿದ್ದು ಸುಮಾರು 90 ಜೋಡಿ.

ರೋಮನ್ ಸ್ಲಗ್ ಮಾಡಲು ಮೊದಲು ಐಸಿಯು ಎಂಬ ಯುನಿಕೋಡ್ ತಂತ್ರಾಂಶದ ಲಿಪ್ಯಂತರ ಓಡಿಸಿ ನೋಡಿದ್ದಾಯಿತು. ಅಚ್ಚಗನ್ನಡ ಪದಗಳಿಗೆ ಪರವಾಗಿಲ್ಲ, ಅಕ್ಷರದ ಮೇಲಿನ ಕೆಳಗಿನ ಗೆರೆ ಚುಕ್ಕಿ ತೆಗೆದರೆ ಸಾಕು. ಎರವಲು ಪದಗಳಿಗೆ ಮಾತ್ರ ಅದು ಕೆಲಸಕ್ಕೆ ಬಾರದು: "ಅಪ್‌ಡೇಟ್" ಎಂಬುದು ಎ, ಪಿ, ಡಿ, ಇ, ಟಿ ಆಗಿ ಹೊರಬಿತ್ತು. ಹಾಗೆ ಬರೆದು ಹುಡುಕುವವರು ಯಾರೂ ಇಲ್ಲ. ಕೊನೆಗೆ ಸುಮಾರು 600 ಪದಗಳ ಪಟ್ಟಿ ಕೈಯಾರೆ ಮಾಡಿ, ಪಟ್ಟಿಯಲ್ಲಿ ಇದ್ದದ್ದಕ್ಕೆ ಇಂಗ್ಲಿಷ್ ಕಾಗುಣಿತ, ಇಲ್ಲದ್ದಕ್ಕೆ ಐಸಿಯು. ವಿಭಕ್ತಿ ಪ್ರತ್ಯಯ ಕಳಚುವುದಕ್ಕೆ ಒಂದು ಉಪಾಯ ಇದೆ. ಅದನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ, ಎರಡು ತಿಂಗಳ ಬೆವರು ಅದು. ಗೂಗಲ್‌ನ ಸರ್ಚ್ ಕನ್ಸೋಲಿನಲ್ಲಿ ಕ್ಲಿಕ್ ಇದ್ದ 300 ಚಿಲ್ಲರೆ ಲೇಖನಗಳ ಸ್ಲಗ್ ಮಾತ್ರ ಕೈಯಲ್ಲೇ ಬರೆದದ್ದು, ನಾಲ್ಕೈದು ಪದ ಮೀರದಂತೆ.

ಹಳೇ ವಿಳಾಸಕ್ಕೆ ಬಂದವರನ್ನು ಹೊಸದಕ್ಕೆ ಕಳಿಸುವ ರಿಡೈರೆಕ್ಟ್‌ನಲ್ಲಿ ಮೂರು ಸಲ ಎಡವಿದ್ದೇವೆ. "ವರ್ಡ್‌ಪ್ರೆಸ್ ತಾನೇ ಹಳೇ ಸ್ಲಗ್ ನೆನಪಿಟ್ಟುಕೊಳ್ಳುತ್ತದಲ್ಲ" ಎನ್ನುವಿರಿ. ಹೌದು. ಆದರೆ ಪ್ರತಿ ಹಳೇ ಕೊಂಡಿಗೂ ಪಿಎಚ್‌ಪಿ, ಡೇಟಾಬೇಸ್ ಎಚ್ಚರವಾಗಬೇಕು. ಬಾಟ್‌ಗಳು ಮುಗಿಬಿದ್ದ ದಿನ ಸರ್ವರ್ ಮಲಗಿತು. ಆಮೇಲೆ ಎಂಜಿನ್‌ಎಕ್ಸ್ (ವೆಬ್ ಸರ್ವರ್ ತಂತ್ರಾಂಶ) ಮ್ಯಾಪ್ ಕಡತ, ಅಂದರೆ ಹಳೇ ವಿಳಾಸ ಕೀಲಿಯಾಗಿ, ಹೊಸದು ಎದುರಿಗೆ ಇರುವ ಪಟ್ಟಿ. ಶೇಕಡಾ ಚಿಹ್ನೆ ಇರುವ ಕಚ್ಚಾ ವಿನಂತಿಯನ್ನೇ ಕೀಲಿ ಮಾಡಿದ್ದು ತಪ್ಪಾಯಿತು: ಫೇಸ್‌ಬುಕ್ಕಿನಿಂದ ಬಂದ ಕೊಂಡಿಯ ಕೊನೆಗೆ ಪ್ರಶ್ನಾರ್ಥಕ ಚಿಹ್ನೆಯ ಬಾಲ ಇರುತ್ತದೆ, ಹೊಂದುವುದೇ ಇಲ್ಲ. ಡಿಕೋಡ್ ಆದ ಯುಆರ್‌ಐ ಬಳಸಿ, ಕಡತದಲ್ಲಿ ನೇರ ಕನ್ನಡವನ್ನೇ ಬರೆಯಿರಿ. ನಾವು ಹಾಗೆ ಬರೆದಾಗ ಎಂಜಿನ್‌ಎಕ್ಸ್ ಏಳಲೇ ಇಲ್ಲ. ಕೀಲಿ 64 ಬೈಟ್ ದಾಟಿತ್ತು, ಮ್ಯಾಪ್ ಹ್ಯಾಶ್ ಬಕೆಟ್ ಸೈಜ್ 256ಕ್ಕೆ ಏರಿಸಿದ ಮೇಲೆ ಎದ್ದಿತು. 301 (ಶಾಶ್ವತ ರಿಡೈರೆಕ್ಟ್) ಒಂದೇ ನೆಗೆತದಲ್ಲಿ ಗುರಿ ಮುಟ್ಟಬೇಕು. ಅವಳಿಗಳನ್ನು ಒಂದು ಪುಟಕ್ಕೆ ಸೇರಿಸಿದಾಗ ಸರಪಳಿ ಆಗಿದೆಯೇ ಎಂದು ಕರ್ಲ್ ಆಜ್ಞೆಯಲ್ಲಿ ನೋಡಿ. ಒಂದು ವರ್ಷವಾದರೂ ಈ ರಿಡೈರೆಕ್ಟ್‌ಗಳನ್ನು ತೆಗೆಯುವಂತಿಲ್ಲ.

ಸ್ಲಗ್ ಬದಲಿಸಲು ಡಬ್ಲ್ಯುಪಿ-ಸಿಎಲ್‌ಐನ (ವರ್ಡ್‌ಪ್ರೆಸ್‌ನ ಆಜ್ಞಾ ಸಾಧನ) ಪೋಸ್ಟ್ ಅಪ್‌ಡೇಟ್ ಬಳಸಬೇಡಿ. ಪರೀಕ್ಷೆಗೆಂದು 200 ಲೇಖನಕ್ಕೆ ಓಡಿಸಿದಾಗ ಅಷ್ಟಕ್ಕೂ ತಿದ್ದಿದ ದಿನಾಂಕ ಇವತ್ತಿನದಾಯಿತು, ಗೂಗಲ್‌ಗೆ ಕೊಡುವ ಪುಟಗಳ ಪಟ್ಟಿಯಾದ ಸೈಟ್‌ಮ್ಯಾಪಿನ ತುಂಬ ಸುಳ್ಳು ದಿನಾಂಕ. ಬ್ಯಾಕಪ್ ತೆಗೆದು ನೇರ ಟೇಬಲ್ಲಿನಲ್ಲೇ ಬದಲಿಸಿ, ಕ್ಯಾಶ್ ಒರೆಸಿ. ಲೇಖನದೊಳಗಿನ ಕೊಂಡಿಗಳಿಗೆ ಹುಡುಕು-ಬದಲಿಸು ಎರಡು ಸುತ್ತು ಬೇಕು, ಎನ್‌ಕೋಡ್ ಆದದ್ದಕ್ಕೊಂದು, ಬರಿಗನ್ನಡಕ್ಕೊಂದು. ಲೇಖನದ ಶಾಶ್ವತ ಗುರುತು ಇರುವ ಜಿಯುಐಡಿ ಕಾಲಮ್ ಮುಟ್ಟದೆ ಬಿಟ್ಟುಬಿಡಿ.

ನಡುವೆ ಕೆಲವು ಹುಚ್ಚಾಟ. ಬೇಗ ಇಂಡೆಕ್ಸ್ ಆಗಲೆಂದು ಗೂಗಲ್‌ನ ಇಂಡೆಕ್ಸಿಂಗ್ ಎಪಿಐಗೆ ವಿಳಾಸ ಕಳಿಸಿದೆವು; ಅದು ಇರುವುದು ಉದ್ಯೋಗ ಜಾಹೀರಾತು, ನೇರಪ್ರಸಾರದ ಪುಟಗಳಿಗೆ. ಸುದ್ದಿಗೆ ಏನೂ ಆಗಲಿಲ್ಲ. ನ್ಯೂಸ್ ಸೈಟ್‌ಮ್ಯಾಪಿಗೆ ಹಳೇ ಲೇಖನ ತುರುಕಿದ್ದೂ ದಂಡ, ಅಲ್ಲಿ ಎರಡು ದಿನದೊಳಗಿನ ಸುದ್ದಿಗಷ್ಟೇ ಜಾಗ. ಫಲ ಕೊಟ್ಟದ್ದು ಶೀರ್ಷಿಕೆಗಳ ಎನ್‌ಎಫ್‌ಸಿ ನಾರ್ಮಲೈಸೇಶನ್, ಅಂದರೆ ಒಂದೇ ಅಕ್ಷರವನ್ನು ಎಲ್ಲೆಡೆ ಒಂದೇ ಕೋಡ್ ರೂಪಕ್ಕೆ ತರುವುದು. ಹಳೇ ಫಾಂಟ್ ಪರಿವರ್ತಕದಿಂದ ಬಂದ ಪಠ್ಯದಲ್ಲಿ "ಕೋ" ಕೆಲವೆಡೆ ಎರಡು ಕೋಡ್‌ಪಾಯಿಂಟ್, ಕೆಲವೆಡೆ ನಾಲ್ಕು. ಕಣ್ಣಿಗೆ ಒಂದೇ, ನಮ್ಮ ತಾಣದೊಳಗಿನ ಹುಡುಕಾಟಕ್ಕೆ ಬೇರೆ ಬೇರೆ.

ದುಡ್ಡು: ಹೊರಗಿನವರು ಕೇಳಿದ್ದು 60 ಸಾವಿರದ ಆಸುಪಾಸು. ನಮಗೆ ಬಿದ್ದದ್ದು ಪರೀಕ್ಷಾ ಸರ್ವರಿಗೆ ಎರಡು ಸಾವಿರ, ಪಟ್ಟಿ ತಿದ್ದಿದ ಇಬ್ಬರು ವಿದ್ಯಾರ್ಥಿಗಳಿಗೆ ಏಳೋ ಎಂಟೋ ಸಾವಿರ. ಟ್ರಾಫಿಕ್ ಇಳಿದ ಮೂರು ವಾರ ಜಾಹೀರಾತಿನಲ್ಲಿ ಕಳೆದದ್ದು ಹನ್ನೊಂದು ಸಾವಿರ ಇರಬಹುದು; ಇದನ್ನು ಖರ್ಚಿಗೆ ಸೇರಿಸದೆ ಹೊರಡಬೇಡಿ. ಏರಿಕೆಗೆ ಸ್ಲಗ್ ಒಂದೇ ಕಾರಣವೆಂದು ಎದೆ ತಟ್ಟಿ ಹೇಳಲಾರೆವು. ಅವಳಿಗಳು ಒಂದಾದದ್ದು, ಒಳಕೊಂಡಿ ಸರಿಹೋದದ್ದರ ಪಾಲೇ ದೊಡ್ಡದಿರಬೇಕು.

ಈಗಲೂ 404 (ಪುಟ ಸಿಗಲಿಲ್ಲ) ಲಾಗಿನಲ್ಲಿ ದಿನಕ್ಕೆ ಮೂವತ್ತು ನಲವತ್ತು ಸಾಲು ಬರುತ್ತವೆ. ಎಲ್ಲೋ ಅಂಟಿಸುವಾಗ ಅಕ್ಷರದ ನಡುವೆಯೇ ಕತ್ತರಿಸಿಹೋದ ಹಳೇ ಕೊಂಡಿಗಳು ಅವು. ಮೊದಲ ಹನ್ನೆರಡು ಕೋಡ್‌ಪಾಯಿಂಟ್ ನೋಡಿ ಊಹಿಸುವ ಸ್ಕ್ರಿಪ್ಟ್ ಅವುಗಳಲ್ಲಿ ಮುಕ್ಕಾಲು ಪಾಲನ್ನು ದಡ ಸೇರಿಸುತ್ತಿದೆ. "ಗೂಗಲ್ ಕೋರ್" ಎಂದು ಶುರುವಾಗುವವು ಮಾತ್ರ ಇನ್ನೂ ಬಗ್ಗಿಲ್ಲ, ಹಾಗೆ ಶುರುವಾಗುವ ಲೇಖನಗಳೇ ನೂರಕ್ಕೂ ಹೆಚ್ಚು ಇವೆ.