ಹೊಳೆಯ ಎರಡು ತುದಿ, ಒಂದು ಶೀಟು: ನನ್ನ ಅನುಭವ

"ಮಕ್ಕಳ ಕೈಗೆ ಮೊಬೈಲ್ ಕೊಟ್ರೆ ರೀಲ್ಸ್ ನೋಡ್ತಾವೆ, ಅಷ್ಟೇ" ಎಂದು ಸ್ಟಾಫ್ ರೂಮಿನಲ್ಲಿ ನಕ್ಕವರೇ ಈಗ "ಆ ಶೀಟು ಸ್ವಲ್ಪ ಕಳಿಸಿ ಮಾಸ್ತರೇ" ಅನ್ನುತ್ತಿದ್ದಾರೆ. ಎರಡು ಶಾಲೆಯ ಮಕ್ಕಳು ಕೂಡಿ ತುಂಬುವ ಗೂಗಲ್ ಶೀಟು ಅದು. ಒಬ್ಬೊಬ್ಬರಿಗೂ ಹೇಳಿ ಸಾಕಾಯ್ತು, ಬರೆದೇ ಬಿಡುತ್ತೇನೆ.

ನಾನು ಕುಮಟಾ ಕಡೆ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವ. ಕಿಟಕಿಯಾಚೆ ಗಜನಿ, ಅಂದರೆ ಉಪ್ಪುನೀರು ನುಗ್ಗುವ ತಗ್ಗು ಗದ್ದೆ. ನನ್ನ ಬಿ.ಎಡ್. ಗೆಳೆಯ ಘಟ್ಟದ ಮೇಲೆ, ಶಿರಸಿ ಕಡೆ ಮಾಸ್ತರ. ನಮ್ಮಿಬ್ಬರ ನಡುವೆ ಅಘನಾಶಿನಿ: ಶಿರಸಿಯ ಶಂಕರಹೊಂಡದಲ್ಲಿ ಹುಟ್ಟಿ, ಎಲ್ಲೂ ಅಣೆಕಟ್ಟಿಗೆ ಸಿಗದೆ, ತದಡಿಯಲ್ಲಿ ಸಮುದ್ರ ಸೇರುವ ಹೊಳೆ. ಎರಡೂ ಶಾಲೆಯ ಒಂಬತ್ತನೇ ಕ್ಲಾಸು ಒಂದೇ ಪೀರಿಯಡ್ಡಿನಲ್ಲಿ ಆನ್‌ಲೈನ್ ಕೂತು, ಹವಾಮಾನ ಬದಲಾವಣೆಗೆ ನಮ್ಮಿಂದ ಏನಾದೀತು ಎಂದು ಕೂಡಿ ಯೋಚಿಸಬೇಕು. ಅದು ಪ್ಲಾನು.

ಮೊದಲ ವರ್ಷ ವಿಡಿಯೋ ಕಾಲ್. 40 ನಿಮಿಷದಲ್ಲಿ 20 ನಿಮಿಷ "ಕೇಳ್ತದಾ? ಕೇಳ್ತದಾ?" ಎನ್ನುವುದಕ್ಕೇ ಹೋಯಿತು. ಗುಡುಗಿದರೆ ನಮ್ಮೂರ ಟವರು ಮಲಗುತ್ತದೆ, ಕರೆಂಟು ಅದಕ್ಕೂ ಮೊದಲೇ. ಹಳೇ ಟ್ಯಾಬ್ ಎರಡು, ಏಳು ಸಾವಿರ ಚಿಲ್ಲರೆ. ಡೇಟಾ ಪ್ಯಾಕಿಗೆ ಮತ್ತೆ ಮೂರು ಸಾವಿರದ ಹತ್ತಿರ. ಎಲ್ಲ ನನ್ನ ಜೇಬು. ಒಂದು ಟ್ಯಾಬು ಆಷಾಢದ ಥಂಡಿಗೇ ಸತ್ತಿತು. ಹೆಂಡತಿ ಏನೆಂದಳು ಎಂಬುದು ಬೇಡ.

ಎರಡನೇ ವರ್ಷ ಗೂಗಲ್ ಡಾಕ್ಸ್. ಅರವತ್ತು ಮಕ್ಕಳು, ಒಂದೇ ಪುಟ. ಇವ ಬರೆದದ್ದನ್ನು ಅವ ಅಳಿಸಿದ. ಒಬ್ಬ "ಹಾಯ್ ಶಿರಸಿ" ಎಂದು ಪುಟಗಟ್ಟಲೆ ಪೇಸ್ಟ್ ಮಾಡಿದ. ಉಳಿದದ್ದರಲ್ಲಿ ಮುಕ್ಕಾಲು ಪಾಲು "ಗಿಡ ನೆಡಿ, ಪ್ಲಾಸ್ಟಿಕ್ ಬಿಡಿ". ತಪ್ಪು ನನ್ನದೇ. ಐಡಿಯಾ ಬರೆಯಿರಿ ಅಂದಿದ್ದೆ, ಗೋಡೆ ಬರಹ ಬಂತು.

2024ರ ಜೂನಿನಲ್ಲಿ ಶೀಟಿಗೆ ಬಂದೆವು. ನಾಲ್ವರಿಗೆ ಒಂದು ಸಾಲು, ಬೇರೆಯವರ ಸಾಲಿಗೆ ಬೀಗ. ಮೊದಲ ಕಾಲಂ "ಕಂಡದ್ದು", ಅಲ್ಲಿ ಐಡಿಯಾ ಬರೆದರೆ ಅಳಿಸುತ್ತೇನೆ. ನಮ್ಮ ಹೊಳೆ ಸಮುದ್ರ ಸೇರುವ ಅಳಿವೆಗೆ ರಾಮ್ಸರ್ ಪಟ್ಟ (ಜಾಗತಿಕ ಮಹತ್ವದ ಜೌಗು ಪ್ರದೇಶ ಎಂಬ ಮಾನ್ಯತೆ) ಸಿಕ್ಕಿದ ಸುದ್ದಿಯನ್ನು ಒಂದು ಗುಂಪು ಅಲ್ಲಿ ಅಂಟಿಸಿತ್ತು, ಅದನ್ನೂ ಹೊಡೆದೆ. ಪೇಪರಿನಲ್ಲಿ ಕಂಡದ್ದು ಕಂಡದ್ದಲ್ಲ. ಎರಡನೆಯದು ಆಚೆ ಶಾಲೆಯವರ ಒಂದು ಪ್ರಶ್ನೆ, ಮೂರನೆಯದು ಉತ್ತರ. ಐಡಿಯಾದ ಸರದಿ ನಾಲ್ಕರಲ್ಲಿ. ಐದನೆಯದು "ಮನೆಯಲ್ಲಿ ಯಾರು ಬೇಡ ಅಂದರು". ತಮಾಷೆಗೆ ಹಾಕಿದ್ದು, ಆದರೆ ಶೀಟಿನಲ್ಲಿ ಎಲ್ಲಕ್ಕಿಂತ ಬೆಲೆಬಾಳುವ ಕಾಲಂ ಅದೇ. ಮಾತಿಲ್ಲ, ವಿಡಿಯೋ ಇಲ್ಲ. ನೆಟ್ ಹತ್ತು ನಿಮಿಷ ಬಂದರೂ ಸಾಕು.

ಯಾರ ಸಾಲಿಗೆ ಯಾರನ್ನು ಜೋಡಿ ಹಾಕುತ್ತೇನೆ ಎಂಬುದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ. ಇದನ್ನು ನಮ್ಮ ಮಕ್ಕಳೂ ಓದುತ್ತಾರೆ.

ಒಂದು ಸಾಲು ನೋಡಿ. ನಮ್ಮ ಹುಡುಗಿ ಬರೆದಳು: "ಒಡ್ಡು ಒಡೆದು ಗದ್ದೆಗೆ ಉಪ್ಪುನೀರು. ಅಜ್ಜಿ ಕಗ್ಗ ಬಿತ್ತುವುದು ಬಿಟ್ಟಿದ್ದಾಳೆ." ಕಗ್ಗ ಅಂದರೆ ಉಪ್ಪು ತಡೆಯುವ ನಮ್ಮ ಕಡೆಯ ಭತ್ತ. ಮೇಲಿನಿಂದ ಪ್ರಶ್ನೆ: "ಕಗ್ಗ ಉಪ್ಪಿಗೂ ಬೆಳೀತದಲ್ಲ, ಬಿಟ್ಟದ್ದು ಯಾಕೆ?" ಉತ್ತರದ ಮನೆ ಎರಡು ವಾರ ಖಾಲಿ. ಆಮೇಲೆ ಬಂತು: "ಒಡ್ಡು ಒಬ್ಬರು ಕಟ್ಟುವುದಲ್ಲವಂತೆ. ಪಕ್ಕದವರು ಗದ್ದೆಯನ್ನು ಸಿಗಡಿ ಸಾಕಲು ಕೊಟ್ಟರಂತೆ." ನಾನು ಪಾಠ ಮಾಡಿದ್ದರೆ ಇಷ್ಟು ಹೊರಬರುತ್ತಿರಲಿಲ್ಲ.

ಆ ಗುಂಪು ಐದು ಪೇಂಟ್ ಬಕೆಟ್ಟಿನಲ್ಲಿ ಬೇರೆಬೇರೆ ಉಪ್ಪಿನ ನೀರು ಹಾಕಿ ಕಗ್ಗ ಬಿತ್ತಿತು. ಜಡಿಮಳೆ ಸುರಿದು ಐದೂ ಬಕೆಟ್ಟು ಸಿಹಿಯಾದವು. ಪ್ರಯೋಗ ಹಾಳು ಎಂದು ನಾನು ತಲೆ ಚಚ್ಚಿಕೊಂಡರೆ, ಅಜ್ಜಿ ನಕ್ಕಳಂತೆ: "ಗಜನೀಲೂ ಹಂಗೇ ಅಲ್ದಾ, ಮಳೆ ಉಪ್ಪು ತೊಳೆದ ಮೇಲೇ ಬಿತ್ತೂದು."

ಶಿರಸಿಯವರು ಅಡಿಕೆ ಬೇಯಿಸುವ ಒಲೆಯ ಕಟ್ಟಿಗೆ ತೂಗಿದರು, ಹಂಡೆಗೆ 25 ಕೆಜಿ ಆಸುಪಾಸು. "ಒಲೆಗೆ ಬಾಗಿಲಿಲ್ವಾ?" ಎಂದು ನಮ್ಮವನೊಬ್ಬ ಕೇಳಿದ. ತಗಡಿನ ಬಾಗಿಲು, ಹಂಡೆಗೆ ಮುಚ್ಚಳ. ಐದಾರು ಕೆಜಿ ಉಳಿಯಿತು. ಐದನೇ ಕಾಲಮ್ಮಿನಲ್ಲಿ "ಅಪ್ಪ" ಎಂದಿದ್ದದ್ದನ್ನು ಆಮೇಲೆ ಅವರೇ ಅಳಿಸಿದರು.

2024ರ ಜುಲೈ 16ಕ್ಕೆ ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ ಮೇಲೆ ಗುಡ್ಡ ಬಿತ್ತು. ಆ ವಾರ ಮಳೆಯಿಂದಾಗಿ ಶಾಲೆಗೆ ರಜೆ. ಶೀಟು ತೆರೆದು ನೋಡಿದರೆ ಹೊಸ ಕಾಲಂ ಒಂದು ಹುಟ್ಟಿಕೊಂಡಿದೆ: "ಮೇಲೆ ಮಳೆ ಎಷ್ಟು?" ಶಿರಸಿಯ ಮಕ್ಕಳು ಬಾಟಲಿ ಕತ್ತರಿಸಿ ಅಳೆದು ಬೆಳಿಗ್ಗೆ–ಸಂಜೆ ತುಂಬಿಸುತ್ತಿದ್ದರು, ಹೊಳೆ ದಂಡೆಯ ನಮ್ಮ ಮಕ್ಕಳು ನೋಡುತ್ತಿದ್ದರು. ನಾವಿಬ್ಬರು ಮಾಸ್ತರರೂ ಹೇಳಿದ್ದಲ್ಲ. ನಕ್ಕವರಿಗೆ ನಾನು ತೋರಿಸಿದ್ದು ಆ ಕಾಲಂ.

ಶೀಟಿಗೆ ಬಂದಮೇಲೆ ಇಡೀ ವರ್ಷದ ಖರ್ಚು ಸಾವಿರದ ನಾನೂರೋ ಐನೂರೋ. ಉಳಿದ ಟ್ಯಾಬಿನ ಬ್ಯಾಟರಿ ಈಗ ಉಬ್ಬಿದೆ. ರಿಪೇರಿಯವ 900 ಹೇಳಿದ್ದಾನೆ, ನಾನು 600ಕ್ಕೆ ನಿಂತಿದ್ದೇನೆ.