ಅಘನಾಶಿನಿ ಅಳಿವೆಯಲ್ಲಿ ಒಂದು ದಿನ: ಗಾಳ ಹಾಕಲಿಕ್ಕೆ, ಹಕ್ಕಿ ನೋಡಲಿಕ್ಕೆ

ಕುಮಟಾಕ್ಕೆ ಬರುವ ನೆಂಟರು ನನ್ನನ್ನು ಮೊದಲು ಕೇಳುವುದು, "ಬೆಳಿಗ್ಗೆ ಎಷ್ಟು ಗಂಟೆಗೆ ದೋಣಿ ಹತ್ತೋಣ?" ಅಂತ. ಅದನ್ನು ನೀರು ಹೇಳಬೇಕು. ಸಮುದ್ರ ತದಡಿಯ ಹತ್ತಿರ ಅಳಿವೆಯ ಬಾಯಿಂದ ದಿನಕ್ಕೆ ಎರಡು ಸಲ ಒಳಗೆ ಬರುತ್ತದೆ, ಎರಡು ಸಲ ಇಳಿಯುತ್ತದೆ. ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ಅಂದರೆ ಇವತ್ತಿನ ಹೊತ್ತಿಗೆ ಸುಮಾರು 50 ನಿಮಿಷ ಸೇರಿಸಿದರೆ ನಾಳೆಯದು ಸಿಗುತ್ತದೆ. ಫೋನಿನಲ್ಲಿ ಕಾರವಾರದ ಉಬ್ಬರ-ಇಳಿತದ ಪಟ್ಟಿ ನೋಡಿ, ಬೆಳಕು ಹರಿಯುವಾಗ ನೀರು ತುಂಬಿರುವ ದಿನ ಆರಿಸಿ. ಆಗ ಇಳಿಯುವ ನೀರಿನಲ್ಲಿ ಮೀನು, ನೀರು ಪೂರ್ತಿ ಇಳಿದ ಮೇಲೆ ಹಕ್ಕಿ, ಏರುವ ನೀರಿನ ಜೊತೆ ವಾಪಸ್. ಅಮಾವಾಸ್ಯೆ, ಹುಣ್ಣಿಮೆಗೆ ಸೆಳೆತ ಜಾಸ್ತಿ. ಹೊಸಬರಿಗೆ ಅಷ್ಟಮಿಯ ಆಸುಪಾಸು ಒಳ್ಳೆಯದು.

ನವೆಂಬರ್‌ನಿಂದ ಫೆಬ್ರವರಿವರೆಗೆ ಬನ್ನಿ. ಮಳೆಗಾಲದಲ್ಲಿ ಖಂಡಿತ ಬೇಡ.

ದೋಣಿ ಚಿಕ್ಕದಿರಲಿ, ಮೋಟಾರು ಬೇಡ. ಹುಟ್ಟು ಹಾಕಲಿಕ್ಕೆ ಊರಿನವರೇ ಒಬ್ಬರು ಬೇಕು. ಮಿರ್ಜಾನ, ಹೆಗಡೆ, ಅಘನಾಶಿನಿ, ಯಾವ ಊರಲ್ಲಾದರೂ ಹಿಂದಿನ ದಿನವೇ ಹೋಗಿ ಮಾತಾಡಿ. ಮೀನು ಹಿಡಿಯುವವರಿಗೆ ಒಂದು ಬೆಳಿಗ್ಗೆ ಅಂದರೆ ಒಂದು ದಿನದ ದುಡಿಮೆ, ಆ ಲೆಕ್ಕದಲ್ಲೇ ದುಡ್ಡು ಕೊಡಿ. ಚೌಕಾಸಿ ಮಾಡಬೇಡಿ. ಈಜು ಬಂದರೂ ಲೈಫ್ ಜಾಕೆಟ್ ಹಾಕಿಕೊಳ್ಳಿ. ದೋಣಿಯಲ್ಲಿ ಕೂತೇ ಇರಿ. ಮೀನು ಸಿಕ್ಕ ಖುಷಿಗೆ ಎದ್ದು ನಿಂತರೆ ಎಲ್ಲರೂ ನೀರಿಗೆ.

ಈಗ ಗಾಳದ ವಿಷಯ. ಉಬ್ಬರದಲ್ಲಿ ಮೀನು ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬುಡಕ್ಕೆ, ಕೋಡಿ ಅನ್ನುವ ಸಣ್ಣ ಕವಲು ತೊರೆಗಳಿಗೆ, ಗಜನಿ ಅನ್ನುವ ಉಪ್ಪುನೀರಿನ ಗದ್ದೆಗಳ ಒಳಗೆಲ್ಲ ಮೇಯಲಿಕ್ಕೆ ಹೋಗಿರುತ್ತದೆ. ನೀರು ಇಳಿಯುವಾಗ ಅದೇ ದಾರಿಯಲ್ಲಿ ಹೊರಗೆ ಬರಲೇಬೇಕು. ಹಾಗಾಗಿ ಕೋಡಿ ಬಂದು ಹೊಳೆಗೆ ಸೇರುವ ಬಾಯಲ್ಲಿ ಕಾಯಬೇಕು. ಬಾಯಿಗೆ ಅಡ್ಡ ನಿಲ್ಲಬೇಡಿ, ಒಂದು ಪಕ್ಕಕ್ಕೆ ಕಲ್ಲು ಇಳಿಸಿ ದೋಣಿ ನಿಲ್ಲಿಸಿ. ಗಜನಿ ಕಟ್ಟೆಯ ಬಾಗಿಲ ಹತ್ತಿರ ಮಾತ್ರ ಕೇಳದೆ ಗಾಳ ಹಾಕಬಾರದು. ಅಲ್ಲಿ ಮೀನು ಹಿಡಿಯುವ ಹಕ್ಕನ್ನು ಹರಾಜಿನಲ್ಲಿ ಪಡೆದವರು ಇರುತ್ತಾರೆ.

ಜೀವಂತ ಸಿಗಡಿಗಿಂತ ಒಳ್ಳೆ ಎರೆ ಇಲ್ಲ. ಸಿಗಡಿಯನ್ನು ಬೆಳಕಿಗೆ ಹಿಡಿದು ನೋಡಿ. ತಲೆಯ ಒಳಗೆ ಒಂದು ಕಪ್ಪು ಚುಕ್ಕೆ ಕಾಣುತ್ತದೆ. ಅದಕ್ಕೆ ತಾಗಿದರೆ ಸಿಗಡಿ ಅಲ್ಲೇ ಸತ್ತಿತು. ಕೊಂಬಿನ ಬುಡದಲ್ಲಿ, ಚುಕ್ಕೆಗಿಂತ ಮುಂದೆ, ಗಾಳದ ಮೊನೆಯನ್ನು ಅಡ್ಡಕ್ಕೆ ಮೆಲ್ಲಗೆ ದಾಟಿಸಿ. ಸರಿಯಾಗಿ ಚುಚ್ಚಿದ್ದರೆ ನೀರಿಗೆ ಬಿಟ್ಟ ಮೇಲೂ ಅದು ಒದೆಯುವುದು ಬೆರಳಿಗೆ ಗೊತ್ತಾಗುತ್ತದೆ. ದಾರಕ್ಕೆ ಕಟ್ಟುವ ಸೀಸ ಆದಷ್ಟು ಹಗುರ ಇರಲಿ. ನೀರು ಎಳೆದುಕೊಂಡು ಹೋಗಬೇಕು, ಮುಳುಗಿ ಕೂರಬಾರದು.

ದಾರವನ್ನು ತೋರುಬೆರಳ ಮೇಲೆ ಹಾಯಿಸಿ ಹಿಡಿಯಿರಿ. ಮರಳು ತಳದಲ್ಲಿ ಕಾಣೆ ಮೀನು ಇದ್ದರೆ ಟಕ್ ಟಕ್ ಅಂತ ಸಣ್ಣಗೆ ಕುಟ್ಟುತ್ತದೆ, ಅದಕ್ಕೆ ಸಣ್ಣ ಗಾಳ, ಸಿಗಡಿಯ ಚೂರು ಸಾಕು. ಕೆಂಬೇರಿ ಮೀನು ಹಾಗಲ್ಲ. ಒಂದೇ ಎಳೆತ, ಅದೂ ಸೀದಾ ಕಾಂಡ್ಲಾ ಬೇರಿನ ಕಡೆಗೆ. ಬೇರಿಗೆ ಸುತ್ತುವ ಮೊದಲೇ ತಿರುಗಿಸಬೇಕು. ಮೀಸೆ ಇರುವ ಮೀನು ಬಂದರೆ ಬರಿಗೈ ಹಾಕಬೇಡಿ. ಬೆನ್ನಿನ ಮೇಲೆ ಒಂದು, ಎರಡೂ ಪಕ್ಕದಲ್ಲಿ ಒಂದೊಂದು ಮುಳ್ಳು ಇದೆ, ಚುಚ್ಚಿದರೆ ದಿನವೇ ಹಾಳು. ಅಂಗೈಗಿಂತ ಸಣ್ಣ ಮೀನನ್ನು ಕೈ ಒದ್ದೆ ಮಾಡಿಕೊಂಡು ವಾಪಸ್ ಬಿಡಿ. ತುಂಡಾದ ದಾರ ಒಂದು ಗೇಣು ಕೂಡ ನೀರಿಗೆ ಬೀಳಬಾರದು. ಹಕ್ಕಿಯ ಕಾಲಿಗೆ ಸುತ್ತಿಕೊಂಡರೆ ಅದು ಬಿಡಿಸಿಕೊಳ್ಳಲಾರದು.

ನೀರು ಇಳಿದು ಕೆಸರು ಬಯಲು ಕಾಣಿಸಿದಾಗ ಗಾಳ ಸುತ್ತಿಡಿ. ಈ ಕೆಸರಿನಲ್ಲಿ ಹುಳ, ಏಡಿ, ಬಳಚು (ಚಿಪ್ಪುಜೀವಿ) ತುಂಬಿವೆ. ಚಳಿಗಾಲದಲ್ಲಿ ಉತ್ತರದ ದೇಶಗಳಿಂದ ಬರುವ ಹಕ್ಕಿಗಳು ವಾಪಸ್ ಹಾರುವ ಮೊದಲು ಮೈಗೆ ಕೊಬ್ಬು ತುಂಬಿಕೊಳ್ಳುವುದು ಇಂಥಲ್ಲೇ. 2024ರ ಜನವರಿಯಲ್ಲಿ ಈ ಅಳಿವೆ, ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದ ಸುದ್ದಿ ಬಂದಾಗ ನಮಗೆಲ್ಲ ಎಷ್ಟು ಸಂತೋಷವಾಯಿತು ಅಂತೀರಿ!

ಮೊದಲು ಕಾಲು ನೋಡಿ. ಕಪ್ಪು ಕಾಲು, ಹಳದಿ ಪಾದ ಇದ್ದರೆ ಸಣ್ಣ ಬೆಳ್ಳಕ್ಕಿ. ಕೆಂಪು ಕಾಲು, ಹಾರುವಾಗ ರೆಕ್ಕೆಯ ಹಿಂದೆ ಬಿಳಿ ಅಂಚು ಇದ್ದರೆ ರೆಡ್‌ಶ್ಯಾಂಕ್. ನಿಂತಲ್ಲೇ ಬಾಲ ಕುಣಿಸುತ್ತಿದ್ದರೆ ಕಾಮನ್ ಸ್ಯಾಂಡ್‌ಪೈಪರ್. ಕೊಕ್ಕು ಕೆಳಗೆ ಬಾಗಿ, ತಲೆಯ ಮೇಲೆ ಪಟ್ಟೆ ಇದ್ದರೆ ವಿಂಬ್ರೆಲ್. ಕಾಂಡ್ಲಾ ಕೊಂಬೆಯಲ್ಲಿ ಕರಿ ಟೋಪಿ, ಕೆಂಪು ಕೊಕ್ಕಿನ ಮಿಂಚುಳ್ಳಿ ಕೂತಿದೆಯಾ ಅಂತ ಹುಡುಕಿ, ನನಗೆ ಎಲ್ಲಕ್ಕಿಂತ ಇಷ್ಟ ಅದೇ. ಗರುಡ ಹೇಗೂ ತಲೆ ಮೇಲೆ ಇದ್ದೇ ಇರುತ್ತದೆ.

ಹಕ್ಕಿ ಹತ್ತಿರ ಹೋಗುವಾಗ ಹುಟ್ಟು ಎತ್ತಿಡಿ, ದೋಣಿ ತಾನಾಗಿ ತೇಲಲಿ. ಮೇಯುವುದು ನಿಲ್ಲಿಸಿ ಕತ್ತು ಎತ್ತಿದವು ಅಂದರೆ ಅಷ್ಟೇ ನಿಮ್ಮ ಮಿತಿ. ಹಾರಿಸಿ ಫೋಟೋ ತೆಗೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅವುಗಳ ಊಟದ ಹೊತ್ತು ಇಷ್ಟೇ, ನೀರು ಏರಿದರೆ ಮುಗಿಯಿತು.

ಹಕ್ಕಿ ನೋಡುತ್ತ ಆಳ ಮರೆಯಬೇಡಿ. "ಬೆಳ್ಳಕ್ಕಿ ಮೊಣಕಾಲು ಕಾಣೂವಲ್ಲಿ ದೋಣಿ ಹಾಕ್ಬೇಡ ತಂಗಿ" ಅಂತ ನನ್ನ ಸೋದರಮಾವ ಈಗಲೂ ಹೇಳುತ್ತಾರೆ. ದೋಣಿ ಕೆಸರಿಗೆ ಕೂತರೆ ಇಳಿದು ತಳ್ಳಲು ಹೋಗಬೇಡಿ. ಕಾಲು ಹೂಳುತ್ತದೆ, ಚಿಪ್ಪು ಕೊಯ್ಯುತ್ತದೆ. ನೀರು ಏರುವವರೆಗೆ ಕಾಯುವುದೊಂದೇ ದಾರಿ. ಅದಕ್ಕೇ ಕುಡಿಯುವ ನೀರು, ಟೋಪಿ, ಬುತ್ತಿ ಜಾಸ್ತಿಯೇ ಇರಲಿ. ನಾನು ಕಗ್ಗದ ಅಕ್ಕಿಯ ಗಂಜಿ, ಮಿಡಿ ಉಪ್ಪಿನಕಾಯಿ ಒಯ್ಯುತ್ತೇನೆ. ಉಪ್ಪುನೀರಿನ ಗಜನಿಯಲ್ಲೇ ಬೆಳೆದ ಅಕ್ಕಿ ಅದು.

ದಡಕ್ಕೆ ಬಂದ ಮೇಲೆ ಹುಟ್ಟು ಹಾಕಿದವರಿಗೆ ಮೀನಿನಲ್ಲಿ ಪಾಲು ಕೊಡಿ. ಗಾಳ, ರೀಲು ಎಲ್ಲ ಅವತ್ತೇ ಸಿಹಿನೀರಲ್ಲಿ ತೊಳೆಯಿರಿ, ಬೈನಾಕ್ಯುಲರನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸಿ. ಉಪ್ಪು ಒಂದು ರಾತ್ರಿ ಕೂತರೂ ಸಾಕು, ತುಕ್ಕು ಶುರು.