ಹರಕೆಯ ಮುಡಿ, ಎರಡನೆಯ ಶನಿವಾರ

ಎಡ ಸ್ತನದಲ್ಲಿ ಗಂಟು ಕಂಡ ವಾರವೇ ಅತ್ತೆಯವರು ನನ್ನ ಹೆಸರಿನಲ್ಲಿ ತಿರುಪತಿಗೆ ಮುಡಿಯ ಹರಕೆ ಹೊತ್ತರು. ಬಯಾಪ್ಸಿ ವರದಿ ಕ್ಯಾನ್ಸರ್ ಎಂದೇ ಹೇಳಿತು. ಶಸ್ತ್ರಚಿಕಿತ್ಸೆ ಮುಗಿದು, 21 ದಿನಗಳಿಗೊಮ್ಮೆ ಡಾಕ್ಸೊರುಬಿಸಿನ್ ಎಂಬ ಕೆಂಪು ಔಷಧಿ ಸೇರಿದ ಕೀಮೋ ಆರಂಭವಾಯಿತು. ಮೂರನೆಯ ವಾರಕ್ಕೆ ಕೂದಲು ಹಿಡಿಹಿಡಿಯಾಗಿ ದಿಂಬಿನ ಮೇಲೆ ಉದುರತೊಡಗಿದಾಗ, ತಿಮ್ಮಪ್ಪನಿಗೆಂದು ಮೀಸಲಿಟ್ಟದ್ದು ಬಚ್ಚಲಿನ ಜಾಲರಿಯ ಪಾಲಾಯಿತಲ್ಲ ಎಂಬ ಸಂಕಟವು ನನ್ನನ್ನು ಕಾಯಿಲೆಗಿಂತ ಹೆಚ್ಚಾಗಿ ಕಾಡಿತು.

ಬಸವನಗುಡಿಯ ನಮ್ಮ ಬೀದಿಯಲ್ಲಿ ಯಾರಿಗೂ ವಿಷಯ ತಿಳಿಸಿರಲಿಲ್ಲ. ಕೀಮೋ ಆದ ಏಳರಿಂದ ಹದಿನಾಲ್ಕನೆಯ ದಿನದವರೆಗೆ ಬಿಳಿ ರಕ್ತಕಣಗಳು ಇಳಿದಿರುತ್ತವೆ, ಆಗ ಜನಜಂಗುಳಿಯೂ ಬೇಡ, ಹಸಿ ಹಾಲಿನ ಪಂಚಾಮೃತವೂ ಬೇಡ ಎಂದು ವೈದ್ಯರು ಎಚ್ಚರಿಸಿದ್ದರೂ, ಎರಡನೆಯ ಸುತ್ತಿನ ಹತ್ತನೆಯ ದಿನ ರಾಹುಕಾಲದ ನಿಂಬೆಹಣ್ಣಿನ ದೀಪ ಹಚ್ಚಲು ಬನಶಂಕರಿ ದೇವಸ್ಥಾನದ ಸಾಲಿನಲ್ಲಿ ನಿಂತೆ. ಎರಡು ದಿನಗಳಲ್ಲಿ ಜ್ವರ 101 ಡಿಗ್ರಿ ಮುಟ್ಟಿ, ಐದು ದಿನ ಆಸ್ಪತ್ರೆಯಲ್ಲಿ ಮಲಗಬೇಕಾಯಿತು. ತಪ್ಪು ದೇವಿಯದಲ್ಲ, ನನ್ನದೇ.

ಅಲ್ಲಿದ್ದ ಸಮಾಜ ಕಾರ್ಯಕರ್ತೆಯೊಬ್ಬರ ಒತ್ತಾಯದಿಂದ, ಪ್ರತಿ ಎರಡನೆಯ ಶನಿವಾರ ಜಯನಗರದಲ್ಲಿ ಸೇರುವ ರೋಗಿಗಳ ಗುಂಪಿಗೆ ಹೋದೆ. ಒಳಗೆ ಆಡಿದ ಮಾತು ಹೊರಗೆ ಹೋಗಕೂಡದು, ಯಾರೂ ಯಾರಿಗೂ ಔಷಧಿ ಹೇಳಕೂಡದು ಎಂಬ ಎರಡೇ ನಿಯಮಗಳು. (ಕೀಮೋ ಬಿಟ್ಟು ನಾಟಿ ಮದ್ದು ಕುಡಿಯಿರಿ ಎಂದವರನ್ನು ಆ ಕಾರ್ಯಕರ್ತೆ ತಡೆದ ರೀತಿ ನೋಡಿಯೇ ನನಗೆ ಆ ಗುಂಪಿನ ಮೇಲೆ ಭರವಸೆ ಬಂದದ್ದು.) ಎರಡು ಸಭೆಗಳಲ್ಲಿ ಬಾಯಿ ತೆರೆಯಲಿಲ್ಲ, ಮೂರನೆಯದರಲ್ಲಿ ಮುಡಿಯ ವಿಷಯ ಹೇಳಿ ಅತ್ತುಬಿಟ್ಟೆ. ಕಿದ್ವಾಯಿ ಆಸ್ಪತ್ರೆಯಲ್ಲಿ ಬಾಯಿ ಕ್ಯಾನ್ಸರಿಗೆ ಚಿಕಿತ್ಸೆ ಪಡೆದು, ದವಡೆಯ ಒಂದು ಭಾಗ ಕಳೆದುಕೊಂಡಿದ್ದ ಆಟೊ ಚಾಲಕರೊಬ್ಬರು ತೊದಲುತ್ತಲೇ, “ಬೆಳೆದ್ಮೇಲೆ ಹೋಗಿ ಕೊಡಿ ಅಕ್ಕಾ, ತಿಮ್ಮಪ್ಪ ಎಲ್ಲಿಗೆ ಓಡಿಹೋಗ್ತಾನೆ?” ಎಂದರು. ತಿಂಗಳುಗಳ ನಂತರ ನಾನು ನಕ್ಕದ್ದು ಅಂದೇ.

ಅಲ್ಲಿಂದ ನನ್ನ ಪೂಜೆಯ ಕ್ರಮವೇ ಬದಲಾಯಿತು. ಉಪವಾಸ ಬಿಟ್ಟೆ, ಮನೆಯಲ್ಲೇ ದೀಪ ಹಚ್ಚಿದೆ, ಔಷಧಿ ಇಳಿಯುವ ಹೊತ್ತಿಗೆ ಜಪಮಾಲೆ ಹಿಡಿದೆ. ಗುಣಪಡಿಸು ಎಂದು ಕೇಳುವುದನ್ನು ನಿಲ್ಲಿಸಿ, ಈ ಒಂದು ಗಂಟೆಯನ್ನು ದಾಟಿಸು ಎಂದಷ್ಟೇ ಕೇಳತೊಡಗಿದೆ. ಪಕ್ಕದ ಕುರ್ಚಿಯಲ್ಲಿ ಶಿವಾಜಿನಗರದ ಹೆಂಗಸೊಬ್ಬರು ತಸ್ಬೀಹ್ ಎಣಿಸುತ್ತಿದ್ದರು. ಯಾರದು ಮೊದಲು ಮುಗಿಯುತ್ತದೆಂದು ಇಬ್ಬರೂ ಕಳ್ಳನೋಟ ಹಾಯಿಸುತ್ತಿದ್ದೆವು. ಕಂಕುಳಿನ ಗ್ರಂಥಿಗಳನ್ನು ತೆಗೆದಿದ್ದ ನನ್ನ ಎಡಗೈ ಬಾತುಕೊಂಡಾಗ ಬಿಗಿ ಬಳೆ ತೆಗೆಯಬೇಕೆಂಬುದನ್ನು ಮುತ್ತೈದೆತನದ ಮಾತೆತ್ತುವ ಅತ್ತೆಗೆ ಹೇಗೆ ಹೇಳುವುದೆಂದು ಕಲಿಸಿದ್ದು ಗುಂಪಿನ ನಿವೃತ್ತ ಶಿಕ್ಷಕಿ. ಮರುವರ್ಷ ಅವರು ತೀರಿಕೊಂಡರು. ಆ ತಿಂಗಳ ಸಭೆಯಲ್ಲಿ ‘ದೇವರ ಇಚ್ಛೆ’ ಎಂಬ ಮಾತನ್ನು ಯಾರೊಬ್ಬರೂ ಎತ್ತಲಿಲ್ಲ. ಆಸ್ತಿಕಳಾದ ನನಗೂ ಅದು ದೊಡ್ಡ ಉಪಕಾರವಾಗಿತ್ತು.

ಈಗ ಕೂದಲು ಭುಜ ಮುಟ್ಟಿದೆ. ತಿಮ್ಮಪ್ಪನ ವಾರವಾದ ಶನಿವಾರವೇ ಬೆಟ್ಟ ಹತ್ತಬೇಕೆಂಬುದು ಅತ್ತೆಯವರ ಆಸೆ. ಎರಡನೆಯ ಶನಿವಾರವೊಂದನ್ನು ಬಿಟ್ಟು ಯಾವುದಾದರೂ ಆಗಬಹುದು ಎಂದಿದ್ದೇನೆ.